ಮಾತು ಕಲಿತ ಸೈರನ್

ಸೈರನ್ ತಯಾರಿಸುವ ಕಡೆ ಕೆಲಸ ಅಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಆಂಬುಲೆನ್ಸಿನದಾ?" ಅಲ್ಲ, ಊರಿಗೆಲ್ಲ ಕೇಳುವ ಹಾಗೆ ಕಂಬದ ಮೇಲೆ ನಿಂತಿರುತ್ತದಲ್ಲ, ಅದು, ಎನ್ನುತ್ತೇನೆ. ಹೆಚ್ಚಿನವರು ಅದನ್ನು ನೋಡಿಯೇ ಇರುವುದಿಲ್ಲ. ನೋಡಿದವರೂ ಅದನ್ನು ಮಳೆಗೆ ಹಾಕಿದ ಏನೋ ಮುಚ್ಚಳ ಅಂದುಕೊಂಡಿರುತ್ತಾರೆ. ಅಂಥ ಮುಚ್ಚಳಗಳನ್ನೂ ಅವುಗಳ ಒಳಗಿರುವುದನ್ನೂ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ನಾನು ಬರೆಯುತ್ತಾ ಬಂದಿದ್ದೇನೆ. ಬರೆಯುವುದೆಂದರೆ ಡ್ರಾಯಿಂಗ್.

ನಮ್ಮಪ್ಪ ಕೋಲಾರದ ಕಡೆಯವರು, ಮದ್ರಾಸಿನ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಹೆಣ್ಣುಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಮಾಡುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಕೆಲಸ ಕೊಡುವವರು ಮಾತ್ರ ಬೇಡ ಅಂದರು. ನಾಲ್ಕು ಕಡೆ ಅಲೆದ ಮೇಲೆ ಅಂಬತ್ತೂರಿನ ಕೈಗಾರಿಕಾ ಎಸ್ಟೇಟಿನ ಒಂದು ಸಣ್ಣ ವರ್ಕ್‌ಶಾಪಿನ ಯಜಮಾನರು, "ಗೆರೆ ನೆಟ್ಟಗೆ ಎಳೆಯೋಕೆ ಬರುತ್ತಾ?" ಎಂದು ಕೇಳಿ, ಎಳೆಸಿ ನೋಡಿ, ನಾಳೆಯಿಂದ ಬಾ ಅಂದರು. ಅಲ್ಲಿ ತಯಾರಾಗುವುದು ಏನು ಅನ್ನುವುದು ನನಗೆ ಗೊತ್ತಾದದ್ದು ಮರುದಿನ.

ಅಲ್ಲಿದ್ದ ಹಿರಿಯ ಫಿಟ್ಟರ್ ಒಬ್ಬರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ರಾಯಪುರಂ ಕಡೆಯ ತಮಿಳರು, ಗಟ್ಟಿ ಮೈಕಟ್ಟು, ಮಾತು ಕಡಿಮೆ. ಅವರು ಒಂದು ಕೈ ಸೈರನ್ ತಂದು ಬೆಂಚಿನ ಮೇಲಿಟ್ಟು, "ತಿರುಗಿಸಮ್ಮ" ಎಂದು ತಮಿಳಿನಲ್ಲಿ ಹೇಳಿದರು. ಹಿಡಿ ತಿರುಗಿಸಿದೆ. ಮೊದಲು ಎಮ್ಮೆ ಕೂಗಿದ ಹಾಗೆ ಕೇಳಿಸಿತು. ಜೋರಾಗಿ ತಿರುಗಿಸಿದಂತೆ ಸ್ವರ ಏರುತ್ತಾ ಹೋಗಿ, ಕೊನೆಗೆ ನನ್ನ ಕಿವಿಯೇ ಮುಚ್ಚಿಹೋಯಿತು. ಅವರು ಅದನ್ನು ಬಿಚ್ಚಿ ತೋರಿಸಿದರು. ಒಳಗೆ ಒಂದು ಚಕ್ರ, ಅದರ ಸುತ್ತ ಒಂದು ಬಳೆ. ಎರಡರಲ್ಲೂ ಕಿಂಡಿಗಳು.

"ಎಣಿಸು."

"ಹತ್ತು."

"ಚಕ್ರ ಗಾಳಿಯನ್ನ ಹೊರಗೆ ತಳ್ಳುತ್ತೆ. ಕಿಂಡಿಗೆ ಕಿಂಡಿ ಎದುರಾದರೆ ಗಾಳಿ ಹೊರಗೆ ಬಡಿಯುತ್ತೆ, ಇಲ್ಲಾಂದ್ರೆ ನಿಲ್ಲುತ್ತೆ. ಒಂದು ಸುತ್ತಿಗೆ ಹತ್ತು ಏಟು. ಸೆಕೆಂಡಿಗೆ ಐವತ್ತು ಸುತ್ತು ತಿರುಗಿದರೆ ಐನೂರು ಏಟು. ಅದೇ ಕೂಗು. ಬೇರೆ ಮಂತ್ರ ಏನಿಲ್ಲ."

ಮೂರು ವರ್ಷದ ಡಿಪ್ಲೊಮಾದಲ್ಲಿ ಯಾರೂ ಯಾವುದನ್ನೂ ನನಗೆ ಇಷ್ಟು ಸಲೀಸಾಗಿ ಹೇಳಿಕೊಟ್ಟಿರಲಿಲ್ಲ. ಆ ಸಂಜೆ ಮನೆಗೆ ಹೋಗಿ ಅಪ್ಪನಿಗೆ ಅದನ್ನೇ ಮತ್ತೆ ಹೇಳಿದೆ. ಅವರ ವರ್ಕ್‌ಶಾಪಿನ ಸೈರನ್ನಿನಲ್ಲಿ ಎಷ್ಟು ಕಿಂಡಿ ಅಂತ ಕೇಳಿದೆ. ಇಪ್ಪತ್ತೈದು ವರ್ಷ ಅದನ್ನು ಕೇಳಿದ್ದ ಅಪ್ಪ, "ಅದರಲ್ಲಿ ಕಿಂಡಿ ಇರುತ್ತಾ?" ಅಂದರು.

ನಾವು ಮಾಡುತ್ತಿದ್ದದ್ದು ಮೋಟಾರಿನ ಸೈರನ್. ಕೈ ಸೈರನ್ನಿನ ತತ್ವವೇ, ಹಿಡಿಯ ಬದಲು ಮೋಟಾರು, ಮೇಲೆ ಮಳೆ ಬೀಳದ ಹಾಗೆ ಅಣಬೆಯಾಕಾರದ ಒಂದು ತಗಡು. ಹೊಸದನ್ನು ಪರೀಕ್ಷೆ ಮಾಡಲು ಶೆಡ್ಡಿನ ತಾರಸಿಯ ಮೇಲೆ ಒಂದು ಕಂಬ ನೆಟ್ಟಿತ್ತು. ತೊಂದರೆ ಏನೆಂದರೆ, ಅಂಬತ್ತೂರಿನಲ್ಲಿ ಪ್ರತಿ ಕಾರ್ಖಾನೆಗೂ ಶಿಫ್ಟಿನ ಸೈರನ್ ಇತ್ತು. ನಾವು ಹನ್ನೊಂದು ಗಂಟೆಗೆ ಪರೀಕ್ಷೆ ಮಾಡಿದರೆ ಪಕ್ಕದ ಸ್ಪ್ರಿಂಗ್ ತಯಾರಿಸುವ ಕಂಪನಿಯವರು ಟಿಫಿನ್ ಡಬ್ಬಿ ಹಿಡಿದು ಬೇವಿನ ಮರದ ಕೆಳಗೆ ಬಂದು ಕೂರುತ್ತಿದ್ದರು. ಆಮೇಲೆ ಗಡಿಯಾರ ನೋಡಿ ಬೈದುಕೊಂಡು ಎದ್ದು ಹೋಗುತ್ತಿದ್ದರು.

ಇದನ್ನು ನೋಡಿ ನಗುತ್ತಿದ್ದ ನನಗೆ ಒಂದು ದಿನ ಅನ್ನಿಸಿತು, ನಿಜವಾಗಿಯೂ ಅಪಾಯ ಬಂದರೂ ಇವರು ಊಟಕ್ಕೇ ಕೂರುತ್ತಾರಲ್ಲ? ಮೇಸ್ತ್ರಿಗೆ ಹೇಳಿದೆ. ಅವರು ಯೋಚಿಸಿ, "ಹಾಗಾದರೆ ನಮ್ಮದು ಊಟದ ಸೈರನ್ನಿನ ಹಾಗೆ ಕೇಳಿಸಬಾರದು" ಅಂದರು.

ಮೋಟಾರಿಗೆ ಎರಡು ಕಡೆಯೂ ಶಾಫ್ಟ್ ಇರುತ್ತದೆ. ಒಂದು ಕಡೆ ಹನ್ನೆರಡು ಕಿಂಡಿಯ ಚಕ್ರ, ಇನ್ನೊಂದು ಕಡೆ ಒಂಬತ್ತು ಕಿಂಡಿಯದು ಹಾಕಿದರೆ ಎರಡು ಸ್ವರ ಒಟ್ಟಿಗೆ ಬರುತ್ತದೆ ಎಂದು ಲೆಕ್ಕ ಹಾಕಿ ಬರೆದೆ. ಬೇರೆಯವರು ಇದನ್ನು ಎಂದೋ ಮಾಡಿದ್ದರು ಅನ್ನುವುದು ಆಗ ನನಗೆ ತಿಳಿದಿರಲಿಲ್ಲ. ಮೇಸ್ತ್ರಿ ಆ ಎರಡು ಚಕ್ರಗಳನ್ನು ಲೇತಿನಲ್ಲಿ ಕೂರಿಸಿ ಒಂದೊಂದು ಕಿಂಡಿಯನ್ನೂ ಅರದಿಂದ ಉಜ್ಜಿ ಸರಿ ಮಾಡಿದರು. ಪರೀಕ್ಷೆಯ ದಿನ ಸ್ವಿಚ್ಚು ಹಾಕಿದಾಗ ಬಂದ ಕೂಗು ಯಾವ ಕಾರ್ಖಾನೆಯದರ ಹಾಗೂ ಇರಲಿಲ್ಲ. ಎರಡು ಸ್ವರಗಳೂ ಒಂದರ ಮೇಲೊಂದು ಬಿದ್ದು ಜಗಳವಾಡಿದ ಹಾಗಿತ್ತು. ಪಕ್ಕದ ಕಂಪನಿಯವರು ಟಿಫಿನ್ ಡಬ್ಬಿ ಹಿಡಿಯದೆ ಖಾಲಿ ಕೈಯಲ್ಲಿ ಓಡಿ ಬಂದು ನಮ್ಮ ಗೇಟಿನಲ್ಲಿ ನಿಂತು, "ಏನಾಯ್ತು, ಏನಾಯ್ತು" ಅಂದರು. ಯಜಮಾನರಿಗೆ ಎಷ್ಟು ಸಂತೋಷವಾಯಿತೆಂದರೆ ಬಂದವರಿಗೆಲ್ಲ ಬಜ್ಜಿ ತರಿಸಿಕೊಟ್ಟರು. ನಾನು ಬರೆದದ್ದೊಂದು ಕಬ್ಬಿಣದಲ್ಲಿ ಎರಕವಾಗಿ ಕೂಗಿದ್ದನ್ನು ಕೇಳಿದ್ದು ಅದೇ ಮೊದಲು. ಬಸ್ಸಿನಲ್ಲಿ ಮನೆಗೆ ಹೋಗುವಾಗಲೂ ಆ ಎರಡು ಸ್ವರ ಬಾಯಲ್ಲಿ ಗುನುಗುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಅದು ಹಲವು ವರ್ಷ ನಡೆಯಿತು. ಆಮೇಲೆ ಒಂದು ಮಳೆಗಾಲದಲ್ಲಿ ದೂರದ ಕಡಲತೀರದ ಹಳ್ಳಿಯೊಂದರಿಂದ ಫೋನು ಬಂತು. ಚಂಡಮಾರುತದ ಗಾಳಿ ಬರುವ ಮೊದಲೇ ಕರೆಂಟು ಹೋಗಿತ್ತು. ಅಲ್ಲಿ ಹಾಕಿದ್ದ ನಮ್ಮ ಸೈರನ್ ತ್ರೀ ಫೇಸ್ ಕರೆಂಟಿಲ್ಲದೆ ಅಲುಗಾಡುವುದಿಲ್ಲ. ಊರಿನವರು ತಟ್ಟೆ ಬಡಿದುಕೊಂಡು ಮನೆಮನೆಗೆ ಓಡಿ ಎಲ್ಲರನ್ನೂ ಎಬ್ಬಿಸಿದ್ದರು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಫೋನು ಮಾಡಿದವರು ಬೈಯಲಿಲ್ಲ. "ಸಾರ್, ಬೇಕಾದ ದಿನ ಬಿಟ್ಟು ಉಳಿದ ಎಲ್ಲ ದಿನವೂ ಚೆನ್ನಾಗಿ ಕೂಗುತ್ತೆ" ಅಂದರಂತೆ ಅಷ್ಟೆ. ಮೂರನೆಯ ದಿನ ಯಜಮಾನರು ಬಂದು, ಇನ್ನು ಮೇಲೆ ಬ್ಯಾಟರಿಯಲ್ಲಿ ನಡೆಯುವ ಎಲೆಕ್ಟ್ರಾನಿಕ್ ಸೈರನ್ ಮಾಡೋಣ ಎಂದರು.

ಹೊಸದರಲ್ಲಿ ತಿರುಗುವುದು ಏನೂ ಇರಲಿಲ್ಲ. ಒಂದರ ಮೇಲೊಂದು ಕೂರಿಸಿದ ಹಾರ್ನುಗಳು, ಕೆಳಗೆ ಪೆಟ್ಟಿಗೆಯಲ್ಲಿ ಆಂಪ್ಲಿಫೈಯರ್, ಬ್ಯಾಟರಿ. ಮೇಸ್ತ್ರಿ ಅದನ್ನು ಸುತ್ತ ಹೋಗಿ ನೋಡಿ, "ಇದು ಮದುವೆ ಮನೆ ಮೈಕು" ಎಂದು ತಮ್ಮ ಲೇತಿನ ಕಡೆ ಹೋದರು. ನನಗೂ ಒಳಗೊಳಗೇ ಬೇಸರವಾಗಿತ್ತು. ಆದರೆ ಮೊದಲ ಪರೀಕ್ಷೆಗೆ ಯಜಮಾನರು ಬೇಕೆಂದೇ ಮೇನ್ ಸ್ವಿಚ್ಚು ತೆಗೆದು, ಫ್ಯಾನು ದೀಪ ಎಲ್ಲ ಆರಿದ ಮೇಲೆ ಅದನ್ನು ಕೂಗಿಸಿದರು. ಲೇತು ನಿಂತುಹೋಗಿದ್ದರಿಂದ ಮೇಸ್ತ್ರಿಯೂ ಹೊರಗೆ ಬಂದು ಕೇಳಿದರು. "ಸರಿ, ಹಾರ್ನಿನ ಬಾಯಿಯ ತಿರುವು ಸರಿಯಿಲ್ಲ, ನಾನು ಮಾಡಿಕೊಡ್ತೀನಿ" ಅಂದರು. ಅಲ್ಲಿಂದ ಅವರು ಹಾರ್ನಿನ ಮೇಸ್ತ್ರಿಯಾದರು.

ಈ ಯಂತ್ರಕ್ಕೆ ಮಾತೂ ಬರುತ್ತಿತ್ತು. ಅದು ದೊಡ್ಡ ಅನುಕೂಲ. ಯಾಕೆಂದರೆ ಬರೀ ಕೂಗು ಕೇಳಿದ ಜನ ಏನು ಮಾಡುತ್ತಾರೆ ಅನ್ನುವುದನ್ನು ನಾವು ಕಣ್ಣಾರೆ ನೋಡಿದ್ದೆವು. ಒಂದು ಸಲ ಮದ್ರಾಸಿನ ಮೀನು ಬಂದರು ಕಾಸಿಮೇಡಿನಲ್ಲಿ ಪ್ರಾತ್ಯಕ್ಷಿಕೆ ಕೊಟ್ಟಾಗ, ಮೀನು ಹರಾಜಿನಲ್ಲಿದ್ದವರೆಲ್ಲ ಬುಟ್ಟಿ ಬಿಟ್ಟು ಏನಾಯಿತು ಎಂದು ನೋಡಲು ನೇರವಾಗಿ ಕಡಲಿನ ಕಡೆಗೇ ನಡೆದರು. ಎಚ್ಚರಿಸಿದರೆ ಸಾಲದು, ಎಲ್ಲಿಗೆ ಹೋಗಬೇಕು ಅಂತಲೂ ಹೇಳಬೇಕು ಎಂದು ಯಜಮಾನರು ಅಂದೇ ತೀರ್ಮಾನಿಸಿದರು.

ಕೆಲವು ವರ್ಷಗಳ ಹಿಂದೆ ಕರ್ನಾಟಕದ ಕರಾವಳಿಯ ಒಂದು ಸಣ್ಣ ಬಂದರಿನ ಮೀನುಗಾರರ ಸಂಘದಿಂದ ಮಾತಾಡುವ ಸೈರನ್ ಬೇಕು ಎಂದು ಕೇಳಿಕೆ ಬಂತು. ಯಜಮಾನರು ನನ್ನ ಮೇಜಿನ ಹತ್ತಿರ ಬಂದು, "ನೀವು ಕನ್ನಡದವರಲ್ಲವಾ? ಒಂದೆರಡು ಸಾಲು ಬರೆದು ನೀವೇ ಓದಿಬಿಡಿ" ಅಂದರು. ಅದೇನು ಮಹಾ ಅಂದುಕೊಂಡು ಊಟದ ಹೊತ್ತಿನಲ್ಲಿ ಬರೆದೆ. ಸಂಜೆ ಮನೆಯಲ್ಲಿ ಅತ್ತೆಯ ಮುಂದೆ ಗಟ್ಟಿಯಾಗಿ ಓದಿದೆ.

ನಮ್ಮತ್ತೆ ಉಡುಪಿಯ ಕಡೆಯವರು. ಮದುವೆಯಾಗಿ ಬಂದ ಮೇಲೆ ಮಾವನ ಜೊತೆ ಕೋಡಂಬಾಕ್ಕಂನಲ್ಲಿ ಮೂವತ್ತೈದು ವರ್ಷ ಹೋಟೆಲು ನಡೆಸಿದವರು. ಈಗ ಎಪ್ಪತ್ತು ದಾಟಿದೆ, ಹೋಟೆಲು ಬೇರೆಯವರ ಕೈಗೆ ಹೋಗಿದೆ. ಅವರು ಬೀನ್ಸ್ ಬಿಡಿಸುತ್ತಾ ಕೇಳಿದರು.

"ದೊಡ್ಡ ಅಲೆ ಬರ್ತಾ ಇದೆ. ಎಲ್ಲರೂ ಉಡನೇ ಮೇಡಿಗೆ ಹೋಗಿ" ಎಂದು ಓದಿದೆ.

ಅತ್ತೆ ತಲೆ ಎತ್ತಿದರು. "ಯಾವ ಮೇಡಿಗೆ? ಕಾಸಿಮೇಡಿಗಾ?"

ನನಗೆ ಅರ್ಥವಾಗಲಿಲ್ಲ. "ಮೇಡು ಅತ್ತೆ. ಎತ್ತರದ ಜಾಗ."

"ಅದು ತಮಿಳು ಮಾರಾಯ್ತಿ. ಉಡನೆಯೂ ತಮಿಳೇ, ಕೂಡಲೇ ಅನ್ನಬೇಕು. ನಮ್ಮ ಊರಿನವರು ಅಲೆ ಬರ್ತದೆ ಅಂತ ರೈಲು ಹತ್ತಿ ಮದ್ರಾಸಿಗೆ ಬರಬೇಕಾ?"

ನನ್ನ ಮಗಳು ಪೆರುಂಗುಡಿಯ ಆಫೀಸಿನಿಂದ ಆಗಷ್ಟೇ ಬಂದವಳು, ಚಪ್ಪಲಿ ಬಿಡುತ್ತಾ ನಿಂತಲ್ಲೇ ನಕ್ಕಳು. ನನಗೆ ನಗುವೂ ನಾಚಿಕೆಯೂ ಒಟ್ಟಿಗೆ ಬಂತು. ಹುಟ್ಟಿದಾಗಿನಿಂದ ಮನೆಯಲ್ಲಿ ಕನ್ನಡವನ್ನೇ ಆಡಿದ್ದೇನೆ ಅಂದುಕೊಂಡಿದ್ದೆ. ಅದರಲ್ಲಿ ಎಷ್ಟು ಪಾಲು ಪೆರಂಬೂರಿನದು ಅನ್ನುವುದು ಐವತ್ತು ದಾಟಿದ ಮೇಲೆ ಗೊತ್ತಾಯಿತು.

ನಾನು ಆ ಸಾಲನ್ನು ಒಳ್ಳೆಯ ಕನ್ನಡದಲ್ಲಿ ತಿದ್ದಿ ಬರೆದೆ: "ದೊಡ್ಡ ಅಲೆ ಬರುತ್ತಿದೆ. ಕಡಲ ಹತ್ತಿರ ಬರಬೇಡಿ." ಅಷ್ಟರಲ್ಲಿ ಸಂಘದವರೂ ಯಾರೋ ಓದಿದವರಿಂದ ಬರೆಸಿ ಒಂದು ಹೇಳಿಕೆ ಕಳಿಸಿದ್ದರು. ಅದು ಅರ್ಧ ಪುಟ ಇತ್ತು. "ಸಾರ್ವಜನಿಕರ ಗಮನಕ್ಕೆ" ಎಂದು ಶುರುವಾಗಿ, "ಪ್ರತಿಕೂಲ ಹವಾಮಾನದ ಹಿನ್ನೆಲೆಯಲ್ಲಿ" ಎಂದು ಮುಂದುವರಿಯುತ್ತಿತ್ತು. ಎರಡನ್ನೂ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದೆವು. ಯಾವುದು ಸರಿ ಅಂತ ತಿಳಿಯಬೇಕಾದರೆ ದೂರದಲ್ಲಿ ನಿಂತು ಕೇಳಬೇಕು. ಅಂಬತ್ತೂರಿನಲ್ಲಿ ಕನ್ನಡ ತಿಳಿದವರನ್ನು ಎಲ್ಲಿಂದ ತರುವುದು?

ಅದಕ್ಕೆ ಅತ್ತೆಯೇ ದಾರಿ ತೋರಿಸಿದರು. ನಮ್ಮ ಹೋಟೆಲಿಗೆ ಮೂವತ್ತು ವರ್ಷ ಬಂದು ಹೋಗಿ ಆಪ್ತರಾದ ಕನ್ನಡದವರು ಕೆಲವರಿದ್ದರು. ಮೈಸೂರಿನ ಕಡೆಯ ನಿವೃತ್ತ ಬ್ಯಾಂಕಿನವರು ಒಬ್ಬರು, ಧಾರವಾಡದ ವಿಮಾ ಕಂಪನಿಯ ಹೆಂಗಸು ಒಬ್ಬರು, ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಬಳ್ಳಾರಿಯವರು ಒಬ್ಬರು. ಮೂವರಿಗೂ ಅತ್ತೆ ಫೋನು ಮಾಡಿ, "ಭಾನುವಾರ ಬೆಳಿಗ್ಗೆ ಕೆರೆ ಏರಿಗೆ ಬನ್ನಿ, ತಿಂಡಿ ನಾನು ತರ್ತೇನೆ" ಅಂದರು. ಸೈರನ್ನಿನ ವಿಷಯ ಹೇಳಿದ್ದು ಆಮೇಲೆ. ಯಜಮಾನರು ಪೊಲೀಸ್ ಠಾಣೆಗೂ ಸುತ್ತಲಿನ ಬೀದಿಗಳಿಗೂ ಮೊದಲೇ ತಿಳಿಸಿದ್ದರು.

ಭಾನುವಾರ ಏಳು ಗಂಟೆಗೆ ಅಂಬತ್ತೂರು ಕೆರೆಯ ಏರಿಯ ಮೇಲೆ ಅವರನ್ನು ದೂರ ದೂರ ನಿಲ್ಲಿಸಿ ಕೇಳಿಸಿದ್ದನ್ನು ಬರೆಯಲು ಒಬ್ಬೊಬ್ಬರಿಗೂ ಒಂದು ಕಾಗದ, ಪೆನ್ಸಿಲ್ ಕೊಟ್ಟೆ. ನನ್ನ ಮಗಳನ್ನೂ ಕೊನೆಯಲ್ಲಿ ನಿಲ್ಲಿಸಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಅವಳಿಗೆ ತಿಳಿದರೆ ಯಾರಿಗಾದರೂ ತಿಳಿಯುತ್ತದೆ ಅನ್ನುವುದು ನನ್ನ ಲೆಕ್ಕ. ಅತ್ತೆ ಇಡ್ಲಿ ಡಬ್ಬಿಗಳ ಜೊತೆ ಮರದ ಕೆಳಗೆ ಕೂತರು. ಶೆಡ್ಡಿನ ತಾರಸಿಯಲ್ಲಿ ಮೇಸ್ತ್ರಿ, ಯಜಮಾನರು.

ಮೊದಲು ಸಂಘದ ಹೇಳಿಕೆ ಹಾಕಿಸಿದೆ. ಕೆರೆಯ ಮೇಲೆ ನನ್ನ ದನಿ ಉರುಳಿ ಬಂತು. ಒಂದು ಮಾತು ಮುಗಿಯುವ ಮೊದಲೇ ಅದರ ಪ್ರತಿಧ್ವನಿ ಮುಂದಿನ ಮಾತಿನ ಮೇಲೆ ಬೀಳುತ್ತಿತ್ತು. ಕಾಗದಗಳನ್ನು ಒಟ್ಟುಮಾಡಿದೆ. ಧಾರವಾಡದವರು "ಸಾರು ಜನಕರ ಗಮನಕ್ಕೆ" ಎಂದು ಬರೆದು ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದ್ದರು. ಬ್ಯಾಂಕಿನವರು "ಪ್ರತಿ ಕೂಲಿಗೆ ಬಹುಮಾನ" ಎಂದು ಬರೆದಿದ್ದರು. ಮಗಳು ಏನೂ ಬರೆದಿರಲಿಲ್ಲ. "ಯಾರದೋ ಭಾಷಣ ಅಂದುಕೊಂಡೆ" ಎಂದು ತಮಿಳಿನಲ್ಲಿ ಹೇಳಿದಳು. ಅರ್ಧ ಗಂಟೆ ಎಲ್ಲರೂ ನಕ್ಕು ನಕ್ಕು ಇಡ್ಲಿ ತಿಂದೆವು.

ಎರಡನೆಯ ಸಲ ನನ್ನ ಸಾಲು. ಈ ಸಲ ಹೆಚ್ಚಿನವರು ಸರಿಯಾಗಿಯೇ ಬರೆದಿದ್ದರು. ಗಾರ್ಡ್ ಅವರ ಕಾಗದ ಕೊನೆಗೆ ಬಂತು. ಅದರಲ್ಲಿ "ದೊಡ್ಡ ಅಲೆ. ಕಡಲ ಹತ್ತಿರ ಬನ್ನಿ" ಎಂದಿತ್ತು.

"ಬರಬೇಡಿ ಅಂತ ಇತ್ತು ಸಾರ್" ಅಂದೆ.

"ನಂಗ ಹಂಗಽ ಕೇಳ್ತು ನೋಡವ್ವ. ಗಾಳಿ ಬೀಸ್ತಿತ್ತು, ನಡುವಿನದು ಹಾರಿ ಹೋಗಿರಬೇಕು" ಎಂದರು ಅವರು.

ಯಾರೂ ನಗಲಿಲ್ಲ. ನಾನು ಆ ಕಾಗದವನ್ನು ಮತ್ತೊಮ್ಮೆ ಓದಿದೆ. ಎರಡು ಅಕ್ಷರ ಗಾಳಿಗೆ ಹೋದರೆ ಜನ ಅಲೆಯ ಕಡೆಗೇ ನಡೆಯುತ್ತಾರೆ. ಚಕ್ರದ ಕಿಂಡಿ ಕೂದಲೆಳೆಯಷ್ಟು ತಪ್ಪಬಾರದು ಅಂತ ಅಷ್ಟು ವರ್ಷ ತಲೆ ಕೆಡಿಸಿಕೊಂಡವಳು ಮಾತನ್ನು ಮಾತ್ರ ಐದು ನಿಮಿಷದಲ್ಲಿ ಬರೆದುಬಿಟ್ಟಿದ್ದೆ.

ಅತ್ತೆ ಆ ಕಾಗದವನ್ನು ಇಸಿದುಕೊಂಡು ಓದಿದರು. "ಬೇಡ ಅನ್ನುವ ಮಾತು ದೂರಕ್ಕೆ ಹೋಗುದಿಲ್ಲ" ಅಂದರು. "ಹೋಟೆಲಲ್ಲಿ ನಾನು ಕಿಟಕಿಯಿಂದ ಅಡಿಗೆಯವರಿಗೆ ಕೂಗ್ತಿದ್ದೆ ಅಲ್ವಾ? ಒಳಗೆ ಪಾತ್ರೆ ಸದ್ದು, ಸ್ಟವ್ ಸದ್ದು. 'ಈರುಳ್ಳಿ ಹಾಕಬೇಡಿ' ಅಂದರೆ ಪ್ರತಿ ಸಲ ಈರುಳ್ಳಿ ಹಾಕಿಯೇ ಕಳಿಸ್ತಿದ್ದರು. ಆಮೇಲೆ 'ಖಾಲಿ ದೋಸೆ' ಅಂತ ಕೂಗ್ಲಿಕ್ಕೆ ಶುರು ಮಾಡಿದೆ. ಎಂತ ಬೇಕೋ ಅದನ್ನೇ ಹೇಳುದು. ಎರಡೇ ಮಾತು. ಕೊನೆಯದನ್ನು ಎಳೆಯುದು."

"ಹಾಗಾದರೆ ಇಲ್ಲಿ ಏನು ಹೇಳಬೇಕು ಅತ್ತೆ?"

"ನೀರು ಬರ್ತಾ ಉಂಟು. ಮೇಲೆ ಹೋಗಿ. ಅಷ್ಟೇ. ಅಲೆ ಎಷ್ಟು ದೊಡ್ಡದು ಅಂತ ಯಾರಿಗೆ ಬೇಕು?"

ಸೈರನ್ನಿಗೆ ನೇರವಾಗಿ ಮಾತಾಡುವ ಮೈಕೂ ಇತ್ತು. ನಾನು ಯಜಮಾನರಿಗೆ ಫೋನು ಮಾಡಿ ವಿಷಯ ಹೇಳಿದೆ. "ನೀನೇ ಹೋಗಿ ಹೇಳು" ಅಂದರು ಅತ್ತೆ. ನೀವು ಹೇಳಿದ ಹಾಗೆ ನನಗೆ ಎಳೆಯಲು ಬರುವುದಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಬೇಡ ಬೇಡ ಅಂದು, ಆಮೇಲೆ ಸೆರಗು ಸರಿಮಾಡಿಕೊಂಡು ಆಟೋ ಹತ್ತಿದರು. ನಾನು ಏರಿಯ ಮೇಲೆಯೇ ಉಳಿದೆ.

ತಾರಸಿಯಲ್ಲಿ ನಡೆದದ್ದನ್ನು ಮೇಸ್ತ್ರಿ ಆಮೇಲೆ ಹೇಳಿದರು. ಅತ್ತೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಒಂದು ಲೋಟ ನೀರು ಕುಡಿದು, ಹಾರ್ನುಗಳನ್ನು ನೋಡಿ, "ಇದರ ಬಾಯಿ ಯಾರು ಮಾಡಿದ್ದು?" ಎಂದು ತಮಿಳಿನಲ್ಲಿ ಕೇಳಿದರಂತೆ. "ನಾನೇ" ಅಂದೆ ಎಂದರು ಮೇಸ್ತ್ರಿ. "ಚೆನ್ನಾಗಿದೆ. ನಮ್ಮ ಹೋಟೆಲಿನ ಕಿಟಕಿ ಇಷ್ಟು ಚೆನ್ನಾಗಿರಲಿಲ್ಲ" ಅಂದರಂತೆ ಅತ್ತೆ. ಮೇಸ್ತ್ರಿ ಇದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ನಾವು ಏರಿಯ ಮೇಲೆ ಕಾಯುತ್ತಿದ್ದೆವು. ಮೊದಲು ಎರಡು ಸ್ವರದ ಕೂಗು ಬಂತು, ನಿಂತಿತು. ಆಮೇಲೆ ಅತ್ತೆಯ ದನಿ. "ನೀರು ಬರ್ತಾ ಉಂಟು." ಅವರು ಅಲ್ಲಿ ತಡೆದರು. ಆ ಮಾತು ಕೆರೆಯ ಆಚೆಗೆ ಹೋಗಿ, ತಾಗಿ, ಮರಳಿ ಬಂದು ಅಡಗುವವರೆಗೂ ತಡೆದರು. ಅಷ್ಟು ಹೊತ್ತು ತಡೆಯಿರಿ ಎಂದು ನಾನು ಹೇಳಿಯೇ ಇರಲಿಲ್ಲ. "ಮೇಲೇ ಹೋಗೀ." ನಾಲ್ಕೂ ಕಾಗದಗಳಲ್ಲಿ ಒಂದೇ ಸಾಲು ಇತ್ತು. ಮಗಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಳು. ಧಾರವಾಡದವರು ಮಾತ್ರ "ಉಂಟು" ಹೊಡೆದುಹಾಕಿ "ಐತಿ" ಎಂದು ತಿದ್ದಿದ್ದರು. "ನಮ್ಮ ಕಡೆ ಇದನ್ನ ಹಾಕೋದಾದ್ರ ಹಿಂಗ ಅನ್ನಬೇಕಾಗ್ತದ" ಎಂದರು. ನಿಮ್ಮ ಊರಿಗೆ ಕಡಲೇ ಇಲ್ಲವಲ್ಲ ಎಂದರು ಮೈಸೂರಿನವರು. ಅದರ ಮೇಲೆ ಒಂದು ಸಣ್ಣ ವಾದ ನಡೆದು, ಅತ್ತೆ ಮರಳಿ ಬಂದು ಕಾಫಿ ಬಗ್ಗಿಸಿದ ಮೇಲೆ ನಿಂತಿತು.

ಮರುದಿನ ಸ್ಟೋರ್ ರೂಮಿನ ಗೋಡೆಗೆ ಕಂಬಳಿ ಕಟ್ಟಿ ಅತ್ತೆಯ ದನಿಯನ್ನು ಸರಿಯಾಗಿ ರೆಕಾರ್ಡ್ ಮಾಡಿದೆವು. ಅರ್ಧ ಪುಟ ಹೋಗಿ ಎರಡು ಸಾಲಾದದ್ದಕ್ಕೆ ಸಂಘದವರು ಏನನ್ನುತ್ತಾರೋ ಎಂದು ನನಗೆ ಅಂಜಿಕೆ ಇತ್ತು. ಅವರ ಕಾರ್ಯದರ್ಶಿ ಫೋನಿನಲ್ಲಿ ಕೇಳಿ, "ಇದು ನಮ್ಮ ಊರಿನ ಮಾತೇ. ಅಲ್ಲಿ ಮದ್ರಾಸಿನಲ್ಲಿ ನಿಮಗೆ ಯಾರು ಸಿಕ್ಕಿದರು?" ಎಂದರು.

ಕಂಬ ನೆಟ್ಟ ಮೇಲೆ ತಿಂಗಳಿಗೊಮ್ಮೆ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ ಎಂದು ಅವರು ಗೊತ್ತುಮಾಡಿದರು. ಮೊದಲ ಪರೀಕ್ಷೆಯಾದ ಮೇಲೆ ಕಾರ್ಯದರ್ಶಿ ಮತ್ತೆ ಫೋನು ಮಾಡಿದರು. ಬಂದರಿನಲ್ಲಿದ್ದ ಗಂಡಸರೆಲ್ಲ ಬಲೆ ಬಿಟ್ಟು ತಿರುಗಿ ನೋಡಿದರಂತೆ, ತಮ್ಮ ಮನೆಯವರೇ ಯಾರೋ ಕರೆಯುತ್ತಿದ್ದಾರೆ ಅಂತ. ಇದು ಪರೀಕ್ಷೆ ಎಂದು ಮೊದಲೇ ಹೇಳಿದ್ದರೂ ಹಲವರು ಎದ್ದು ಶಾಲೆಯ ದಿಬ್ಬದ ತನಕ ಹೋಗಿಯೇ ಬಂದರಂತೆ. ಅತ್ತೆಗೆ ಹೇಳಿದೆ. ಅವರಿಗೆ ಖುಷಿಯಾದದ್ದು ಕಂಡಿತು. ಆದರೆ ಕೇಳಿದ್ದು ಬೇರೆ: "ಪ್ರತಿ ತಿಂಗಳು ಹತ್ತು ಗಂಟೆಗೆ ನಾನು ಅಲ್ಲಿ ಕೂಗ್ತೇನೆ ಅಂತಾಯ್ತು. ಅಕ್ಕನ ಮನೆ ಅಲ್ಲಿಂದ ಹತ್ತಿರ. ಕೇಳಿಸ್ತದಾ ಅಂತ ಅವಳಿಗೆ ಒಂದು ಫೋನು ಮಾಡಿಕೊಡು."

ಫೋನು ಹಚ್ಚಿಕೊಟ್ಟೆ. ಅಕ್ಕತಂಗಿಯರು ಒಂದು ಗಂಟೆ ಮಾತಾಡಿದರು. ಸೈರನ್ನಿನ ವಿಷಯ ಮೊದಲ ಐದು ನಿಮಿಷದಲ್ಲೇ ಮುಗಿದಿತ್ತು.

ಈಗ ಕಾರ್ಯದರ್ಶಿಯವರಿಂದ ಬೇರೆ ದೂರು ಬಂದಿದೆ. ಕೆಳಗಿನ ಹಾರ್ನಿನ ಬಾಯಲ್ಲಿ ಕಾಗೆ ಗೂಡು ಕಟ್ಟಿದೆ, ಮರಿಗಳಿವೆ, ಪರೀಕ್ಷೆ ಮಾಡಲು ಯಾರಿಗೂ ಮನಸ್ಸಿಲ್ಲ. ಮರಿಗಳು ಹಾರುವವರೆಗೆ ಮೇಲಿನ ಹಾರ್ನುಗಳಲ್ಲಿ ಮಾತ್ರ ಸದ್ದು ಬರುವ ಹಾಗೆ ತಂತಿ ಬದಲಿಸಿಕೊಟ್ಟಿದ್ದೇವೆ. ಹಾರ್ನಿನ ಬಾಯಿಗೆ ಜಾಲರಿ ಹಾಕಬೇಕು, ಆದರೆ ದನಿ ಕುಗ್ಗಬಾರದು. ಜಾಲರಿಯ ಕಣ್ಣು ಎಷ್ಟು ದೊಡ್ಡದಿರಬೇಕು ಎಂದು ಈ ವಾರವೆಲ್ಲ ಬರೆದು ಅಳಿಸುತ್ತಿದ್ದೇನೆ. ಮೇಸ್ತ್ರಿ ಕೆಲಸದಿಂದ ನಿವೃತ್ತರಾದರೂ ವಾರಕ್ಕೆ ಎರಡು ದಿನ ಬರುತ್ತಾರೆ. ನಿನ್ನೆ ಬಂದವರು ನನ್ನ ಡ್ರಾಯಿಂಗ್ ನೋಡಿ, ಕಾಗೆಯ ಕೊಕ್ಕಿನ ಅಳತೆ ತೆಗೆದುಕೊಂಡಿದ್ದೀಯಾ ಎಂದು ಕೇಳಿದರು. ಇಲ್ಲ ಅಂದೆ. ಊಟವಾದ ಮೇಲೆ ಇಬ್ಬರೂ ಬೇವಿನ ಮರದ ಕೆಳಗೆ ಸ್ವಲ್ಪ ಅನ್ನ ಹಾಕಿ, ಅಳತೆಪಟ್ಟಿ ಹಿಡಿದು ಕೂತೆವು.